ಕ್ಯಾನ್ಸರ್ ಗೆದ್ದ ಯುವಜನರಿಗೆ ವ್ಯಾಯಾಮ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೊಂದು ಕೈಪಿಡಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಊರಿಗೆ ಮರಳಿದ ಇಪ್ಪತ್ತೈದರ ಹರೆಯದವರಿಗೆ ಮನೆಯವರು ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ನೀನು ಸುಮ್ಮನೆ ಕೂತಿರು, ಏನೂ ಮಾಡಬೇಡ’. ಬಿಂದಿಗೆ ಎತ್ತಲು ಬಿಡುವುದಿಲ್ಲ, ಹೊಲದ ಕಡೆ ಹೋಗಲು ಬಿಡುವುದಿಲ್ಲ, ಅಂಗಡಿಗೆ ಹೊರಟರೆ ತಮ್ಮನನ್ನು ಕಳುಹಿಸುತ್ತಾರೆ. ಈ ಕಾಳಜಿ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಆರು ತಿಂಗಳು, ವರ್ಷ ಕಳೆದ ಮೇಲೂ ಅದು ಹಾಗೆಯೇ ಮುಂದುವರಿದರೆ, ರೋಗ ಬಿಟ್ಟುಹೋದ ದೇಹವನ್ನು ನಿಷ್ಕ್ರಿಯತೆ ಹಿಡಿದುಕೊಳ್ಳುತ್ತದೆ. ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ದಣಿವು ಹೋಗುವುದೇ ಇಲ್ಲ.

ಕ್ಯಾನ್ಸರ್ ರೋಗಿಗೆ ವಿಶ್ರಾಂತಿಯೇ ಮುಖ್ಯ ಎಂದು ಒಂದು ಕಾಲದಲ್ಲಿ ವೈದ್ಯರೂ ಹೇಳುತ್ತಿದ್ದರು. ಆ ನಿಲುವು ಈಗ ಬದಲಾಗಿದೆ. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ಕರೆದಿದ್ದ ತಜ್ಞರ ಸಮಿತಿಯು 2010ರಲ್ಲಿಯೇ, ಚಿಕಿತ್ಸೆಯ ಅವಧಿಯಲ್ಲಿಯೂ ಅದರ ನಂತರವೂ ವ್ಯಾಯಾಮ ಸುರಕ್ಷಿತವೆಂದು ಸಾರಿತು; ‘ನಿಷ್ಕ್ರಿಯತೆಯನ್ನು ತಪ್ಪಿಸಿ’ ಎಂಬುದೇ ಅದರ ಮುಖ್ಯ ಸಲಹೆಯಾಗಿತ್ತು. 2019ರಲ್ಲಿ ಪ್ರಕಟವಾದ ಅದರ ಮುಂದಿನ ವರದಿಯು ಯಾವ ತೊಂದರೆಗೆ ಎಷ್ಟು ವ್ಯಾಯಾಮ ಎಂಬುದನ್ನೂ ನಿಗದಿಪಡಿಸಿತು. ಈ ತಿಳಿವಳಿಕೆಯನ್ನು ಚಾಮರಾಜನಗರ ಜಿಲ್ಲೆಯಂಥ ಗಡಿಸೀಮೆಯ ಯುವಜನರ ದಿನಚರಿಗೆ ಹೊಂದಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಯಾರು ಈ ಯುವಜನರು?

ವೈದ್ಯಕೀಯ ಲೋಕದಲ್ಲಿ 15ರಿಂದ 39 ವರ್ಷದವರೆಗಿನ ಕ್ಯಾನ್ಸರ್ ರೋಗಿಗಳನ್ನು ಪ್ರತ್ಯೇಕ ಗುಂಪಾಗಿ ಪರಿಗಣಿಸುವ ರೂಢಿ ಬಂದಿದೆ. ಭಾರತದಲ್ಲಿ 2022ರಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು ಉಂಟಾದವೆಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಆದರೂ ರಕ್ತದ ಕ್ಯಾನ್ಸರ್, ಹಾಡ್ಜ್‌ಕಿನ್ ಲಿಂಫೋಮಾ, ಮೂಳೆಯ ಗಡ್ಡೆ, ವೃಷಣ ಮತ್ತು ಅಂಡಾಶಯದ ಕೆಲವು ಗಡ್ಡೆಗಳು, ಥೈರಾಯ್ಡ್ ಕ್ಯಾನ್ಸರ್ ಹರೆಯದಲ್ಲಿ ಕಾಣಿಸಿಕೊಳ್ಳುವುದುಂಟು. ಸ್ತನ ಕ್ಯಾನ್ಸರ್ ಮೂವತ್ತರ ಆಸುಪಾಸಿನವರನ್ನೂ ಬಿಟ್ಟಿಲ್ಲ. ಗುಟ್ಕಾ ಮಾರಾಟವನ್ನು ರಾಜ್ಯವು 2013ರಲ್ಲಿ ನಿಷೇಧಿಸಿದ್ದರೂ, ಹೊಗೆಸೊಪ್ಪು ಜಗಿಯುವ ಚಟದಿಂದ ಬಾಯಿಯ ಕ್ಯಾನ್ಸರ್‌ಗೆ ತುತ್ತಾಗುವ ಯುವಕರು ನಮ್ಮಲ್ಲಿ ಇದ್ದಾರೆ.

ಇವರ ಪೈಕಿ ಹಲವು ಬಗೆಯ ಕ್ಯಾನ್ಸರ್‌ಗಳು ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುವಂಥವು. ಇಪ್ಪತ್ತೆರಡಕ್ಕೆ ಗುಣವಾದವರ ಮುಂದೆ ನಲವತ್ತು, ಐವತ್ತು ವರ್ಷಗಳ ಬಾಳು ಇರುತ್ತದೆ. ಓದು, ಉದ್ಯೋಗ, ಮದುವೆ, ಮಕ್ಕಳು ಎಲ್ಲವೂ ಇನ್ನು ಬರಬೇಕಾದವು. ಆದ್ದರಿಂದ ರೋಗ ಹೋಯಿತೇ ಎಂಬ ಪ್ರಶ್ನೆಯ ಜೊತೆಗೆ, ಉಳಿದ ದೇಹ ಎಷ್ಟು ಗಟ್ಟಿಯಾಗಿದೆ ಎಂಬ ಪ್ರಶ್ನೆಯೂ ಇವರ ಪಾಲಿಗೆ ದೊಡ್ಡದು.

ಜಿಲ್ಲೆಯ ಚಿತ್ರ

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಚಾಮರಾಜನಗರವು ತಮಿಳುನಾಡು, ಕೇರಳಗಳ ಗಡಿಗೆ ಹೊಂದಿಕೊಂಡಿದೆ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು ಒಂದು ಊಟಿಯತ್ತಲೂ ಇನ್ನೊಂದು ವಯನಾಡಿನತ್ತಲೂ ಸಾಗುತ್ತದೆ. ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಯಿತು. ಅದರ ಹೊಸ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಆದರೂ ಕ್ಯಾನ್ಸರ್‌ನ ಪೂರ್ಣ ಚಿಕಿತ್ಸೆಗಾಗಿ ಇಲ್ಲಿನವರು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಅಥವಾ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುವುದೇ ಹೆಚ್ಚು.

ಚಿಕಿತ್ಸೆ ಒಂದೆಡೆ, ಬದುಕು ಇನ್ನೊಂದೆಡೆ ಇರುವಾಗ ವ್ಯಾಯಾಮದ ಸಲಹೆ ನಡುವೆ ಎಲ್ಲೋ ಕಳೆದುಹೋಗುತ್ತದೆ. ದೂರದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರತಿ ನಿಂತು ವೈದ್ಯರನ್ನು ಕಂಡಾಗ ರಕ್ತಪರೀಕ್ಷೆ, ಸ್ಕ್ಯಾನ್ ವರದಿಗಳ ಮಾತೇ ಸಮಯವನ್ನು ತಿನ್ನುತ್ತದೆ. ಊರಿಗೆ ಬಂದ ಮೇಲೆ, ಎಷ್ಟು ನಡೆಯಬಹುದು, ಭಾರ ಎತ್ತಬಹುದೇ, ಸೈಕಲ್ ತುಳಿಯಬಹುದೇ ಎಂದು ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಪ್ರಶ್ನೆಗೆ ಉತ್ತರ ಸಿಗದಿದ್ದಾಗ ‘ಯಾಕೆ ಬೇಕು ರಿಸ್ಕು’ ಎಂಬ ಮಾತೇ ಗೆಲ್ಲುತ್ತದೆ.

ಚಿಕಿತ್ಸೆ ದೇಹದಲ್ಲಿ ಉಳಿಸಿಹೋಗುವುದೇನು?

ವ್ಯಾಯಾಮ ಆರಂಭಿಸುವ ಮುನ್ನ ತಾನು ಪಡೆದ ಚಿಕಿತ್ಸೆ ಯಾವುದು, ಅದು ಯಾವ ಅಂಗವನ್ನು ಮುಟ್ಟಿದೆ ಎಂಬುದನ್ನು ತಿಳಿದಿರುವುದು ಅಗತ್ಯ.

ಲಿಂಫೋಮಾ, ರಕ್ತದ ಕ್ಯಾನ್ಸರ್, ಸ್ತನ ಕ್ಯಾನ್ಸರ್‌ಗಳಿಗೆ ಬಳಸುವ ಡಾಕ್ಸೊರುಬಿಸಿನ್‌ನಂಥ ಔಷಧಗಳು ಪ್ರಮಾಣ ಹೆಚ್ಚಾದಂತೆ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ಇದರ ಪರಿಣಾಮ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಎದೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಿಗೂ ಈ ಅಪಾಯವುಂಟು. ಬ್ಲಿಯೊಮೈಸಿನ್ ಔಷಧವು ಶ್ವಾಸಕೋಶವನ್ನು ಬಾಧಿಸಬಹುದು. ವಿನ್‌ಕ್ರಿಸ್ಟಿನ್ ಮುಂತಾದವು ಕೈಕಾಲಿನ ನರಗಳನ್ನು ಜೋಮುಗಟ್ಟಿಸುತ್ತವೆ. ಅಂಗಾಲಿಗೆ ನೆಲದ ಅರಿವು ಸರಿಯಾಗಿ ಸಿಗದೆ ಎಡವುವ ಭಯ ಇರುತ್ತದೆ.

ರಕ್ತದ ಕ್ಯಾನ್ಸರ್‌ಗೆ ದೀರ್ಘಕಾಲ ಸ್ಟಿರಾಯ್ಡ್ ಪಡೆದವರಲ್ಲಿ ಮೂಳೆ ಸವೆಯಬಹುದು. ಕೆಲವರಲ್ಲಿ ಸೊಂಟದ ಕೀಲಿನ ಮೂಳೆಗೆ ರಕ್ತಸಂಚಾರ ಕುಂದಿ ಆ ಭಾಗ ಸಾಯುವುದೂ ಉಂಟು. ತೊಡೆಸಂದು ಅಥವಾ ಮಂಡಿಯಲ್ಲಿ ಬಿಡದ ನೋವಿದ್ದರೆ ಓಡುವ, ಜಿಗಿಯುವ ಮೊದಲು ತಪಾಸಣೆ ಆಗಲೇಬೇಕು. ಮೂಳೆಗಡ್ಡೆ ತೆಗೆದು ಒಳಗೆ ಲೋಹದ ಕೀಲು ಕೂರಿಸಿಕೊಂಡವರಿಗೆ ಓಟಕ್ಕಿಂತ ಸೈಕಲ್ ಹಿತ. ಬಾಯಿಯ ಕ್ಯಾನ್ಸರ್‌ಗೆ ಕುತ್ತಿಗೆಯ ಗಂಟುಗಳನ್ನು ತೆಗೆಸಿಕೊಂಡವರಲ್ಲಿ ಭುಜ ಜೋತುಬೀಳಬಹುದು, ಬಾಯಿ ಪೂರ್ತಿ ತೆರೆಯಲು ಬಾರದಿರಬಹುದು. ಭುಜದ ಮತ್ತು ದವಡೆಯ ವ್ಯಾಯಾಮವನ್ನು ಭೌತಚಿಕಿತ್ಸಕರಿಂದ ಕಲಿತು ದಿನವೂ ಮಾಡದಿದ್ದರೆ ಬಿಗಿತ ಹೆಚ್ಚುತ್ತಲೇ ಹೋಗುತ್ತದೆ.

ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ಕಂಕುಳಿನ ಗಂಟು ತೆಗೆದಿದ್ದರೆ ಕೈ ಊದಿಕೊಳ್ಳುವ ಲಿಂಫೆಡಿಮಾ ಬಾಧಿಸಬಹುದು. ‘ಆ ಕೈಯಲ್ಲಿ ಒಂದು ಲೋಟವನ್ನೂ ಎತ್ತಬೇಡ’ ಎಂಬ ಎಚ್ಚರಿಕೆ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಕೈಬಾವು ಇದ್ದ 141 ಮಹಿಳೆಯರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ. ಬಾವು ಉಲ್ಬಣಗೊಂಡ ಪ್ರಮಾಣವು ಭಾರ ಎತ್ತದವರಲ್ಲಿ ಶೇ 29ರಷ್ಟಿದ್ದರೆ, ಎತ್ತಿದವರಲ್ಲಿ ಶೇ 14ರಷ್ಟಿತ್ತು.

ಸಂಶೋಧನೆ ಹೇಳುವುದೇನು?

ಚಿಕಿತ್ಸೆಯ ನಂತರ ಯುವಜನರು ಹೆಚ್ಚಾಗಿ ದೂರುವುದು ದಣಿವನ್ನು. ಇದು ನಿದ್ದೆ ಮಾಡಿದರೆ ಹೋಗುವ ಆಯಾಸವಲ್ಲ. 2017ರಲ್ಲಿ ಪ್ರಕಟವಾದ, 113 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದರಲ್ಲಿ ಈ ದಣಿವಿಗೆ ಮಾತ್ರೆಗಳಿಗಿಂತ ವ್ಯಾಯಾಮ ಮತ್ತು ಮಾನಸಿಕ ಸಮಾಲೋಚನೆಗಳೇ ಹೆಚ್ಚು ಫಲಕಾರಿ ಎಂದು ಕಂಡುಬಂತು. ದಣಿದವರಿಗೆ ನಡೆಯಲು ಹೇಳುವುದು ವಿಚಿತ್ರವೆನಿಸಿದರೂ ಸಾಕ್ಷ್ಯ ಅದರ ಪರವಾಗಿದೆ.

ಹೃದಯದ ವಿಚಾರದಲ್ಲಿ ಎರಡು ಅಧ್ಯಯನಗಳು ಗಮನಾರ್ಹ. ಬಾಲ್ಯದಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಗೆದ್ದ 1,187 ಮಂದಿಯನ್ನು ಕುರಿತ 2014ರ ವರದಿಯಲ್ಲಿ, ನಿಯಮಿತವಾಗಿ ಬಿರುಸಿನ ವ್ಯಾಯಾಮ ಮಾಡುವವರಿಗೆ ಹೃದ್ರೋಗದ ತೊಂದರೆಗಳು ಸುಮಾರು ಅರ್ಧದಷ್ಟು ಕಡಿಮೆ ಇದ್ದವು. ಬಾಲ್ಯದ ಕ್ಯಾನ್ಸರ್ ಗೆದ್ದ 15,450 ವಯಸ್ಕರನ್ನು ಕುರಿತ 2018ರ ವರದಿಯಲ್ಲಿ, ಎಂಟು ವರ್ಷಗಳ ಅವಧಿಯಲ್ಲಿ ವ್ಯಾಯಾಮವನ್ನು ಹೆಚ್ಚಿಸಿಕೊಂಡವರ ಸಾವಿನ ಪ್ರಮಾಣ ಇತರರಿಗಿಂತ ಶೇ 40ರಷ್ಟು ಕಡಿಮೆ ಇತ್ತು. ಇವು ಅವಲೋಕನದ ಅಧ್ಯಯನಗಳು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ವ್ಯಾಯಾಮ ಮಾಡಿರಲೂಬಹುದು ಎಂಬ ಮಿತಿಯನ್ನು ನೆನಪಿನಲ್ಲಿಡಬೇಕು.

ಆ ಅನುಮಾನಕ್ಕೆ ಅವಕಾಶ ಕೊಡದ ಪ್ರಯೋಗವೊಂದರ ಫಲಿತಾಂಶ 2025ರ ಜೂನ್‌ನಲ್ಲಿ ಹೊರಬಿತ್ತು. ಕೆನಡಾ ಮತ್ತು ಆಸ್ಟ್ರೇಲಿಯಾಗಳ ನೇತೃತ್ವದಲ್ಲಿ ನಡೆದ ಈ ಪ್ರಯೋಗದಲ್ಲಿ, ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿ ಮುಗಿಸಿದ 889 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮೂರು ವರ್ಷ ಮಾರ್ಗದರ್ಶಕರ ಸಹಿತ ವ್ಯಾಯಾಮ ಕಾರ್ಯಕ್ರಮ. ಇನ್ನೊಂದಕ್ಕೆ ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ. ಐದು ವರ್ಷಗಳ ಬಳಿಕ ರೋಗವಿಲ್ಲದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80.3, ಎರಡನೆಯದರಲ್ಲಿ ಶೇ 73.9. ಇದರಲ್ಲಿದ್ದವರ ಪೈಕಿ ಹೆಚ್ಚಿನವರು ಅರವತ್ತರ ಆಸುಪಾಸಿನವರು, ರೋಗವೂ ಒಂದೇ ಬಗೆಯದು. ಎಲ್ಲ ಕ್ಯಾನ್ಸರ್‌ಗೂ ಇದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ವ್ಯಾಯಾಮವು ಚಿಕಿತ್ಸೆಗೆ ಪರ್ಯಾಯ ಎಂಬ ಅರ್ಥವೂ ಇದಕ್ಕಿಲ್ಲ; ಚಿಕಿತ್ಸೆ ಪಡೆದ ಮೇಲಿನ ಮಾತಿದು.

ಎಷ್ಟು ಸಾಕು?

2019ರ ವರದಿಯ ಪ್ರಕಾರ ದಣಿವು, ಆತಂಕ, ಖಿನ್ನತೆಗಳನ್ನು ತಗ್ಗಿಸಲು ವಾರಕ್ಕೆ ಮೂರು ದಿನ, ತಲಾ 30 ನಿಮಿಷಗಳ ಬಿರುಸು ನಡಿಗೆಯಂಥ ವ್ಯಾಯಾಮ ಸಾಕು. ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಸೇರಿಸಿದರೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರೆಲ್ಲರಿಗೂ ಸೂಚಿಸಿದ ಗುರಿ ವಾರಕ್ಕೆ 150ರಿಂದ 300 ನಿಮಿಷ. ಇದನ್ನು ದೂರದ ಗುರಿಯಾಗಿ ಇಟ್ಟುಕೊಳ್ಳಬಹುದು. ಆರೋಗ್ಯವಂತ ಭಾರತೀಯ ವಯಸ್ಕರಲ್ಲಿಯೇ ಸುಮಾರು ಅರ್ಧದಷ್ಟು ಮಂದಿ 2022ರಲ್ಲಿ ಈ ಗುರಿ ಮುಟ್ಟಿರಲಿಲ್ಲ ಎಂದು ಅಂತರರಾಷ್ಟ್ರೀಯ ಅಂದಾಜೊಂದು ತಿಳಿಸಿದೆ. ಹೀಗಿರುವಾಗ ಚಿಕಿತ್ಸೆಯಿಂದ ಈಗಷ್ಟೇ ಎದ್ದವರು ಮೊದಲ ವಾರವೇ ಮುಟ್ಟಲಿಲ್ಲವೆಂದು ಕೊರಗಬೇಕಾಗಿಲ್ಲ.

ಬಿರುಸು ಎಷ್ಟಿರಬೇಕೆಂದು ಅಳೆಯಲು ಯಂತ್ರ ಬೇಡ. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಬಿರುಸು. ಎರಡು ಮಾತಿಗೇ ಉಸಿರು ಕಟ್ಟಿದರೆ ವೇಗ ತಗ್ಗಿಸಬೇಕು.

ಹನ್ನೆರಡು ವಾರಗಳ ಒಂದು ಮಾದರಿ

ವೈದ್ಯರ ಒಪ್ಪಿಗೆ ದೊರೆತವರಿಗೆ ಈ ಕ್ರಮ ಒಂದು ಆರಂಭವಾಗಬಹುದು.

1ರಿಂದ 2ನೇ ವಾರ: ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ಸಮತಟ್ಟು ನೆಲದಲ್ಲಿ ನಿಧಾನ ನಡಿಗೆ. ದಣಿವು ಹೆಚ್ಚಿದ ದಿನ ಐದೇ ನಿಮಿಷವಾದರೂ ಸರಿ, ಬಿಡಬಾರದು.

3ರಿಂದ 4ನೇ ವಾರ: ಒಮ್ಮೆಗೆ 15 ನಿಮಿಷ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು ಎಂಟರಿಂದ ಹತ್ತು ಬಾರಿ.

5ರಿಂದ 8ನೇ ವಾರ: ವಾರದಲ್ಲಿ ನಾಲ್ಕು ದಿನ 20ರಿಂದ 25 ನಿಮಿಷ, ನಡುವೆ ಸ್ವಲ್ಪ ಬಿರುಸು. ಗೋಡೆಗೆ ಅಂಗೈ ಊರಿ ದೇಹವನ್ನು ಹಿಂದೆಮುಂದೆ ತರುವ ದಂಡ. ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿದು ಮೊಣಕೈ ಮಡಿಸುವುದು. ಅರ್ಧ ಲೀಟರ್ ನೀರಿಗೆ ಅರ್ಧ ಕಿಲೋ ಭಾರ. ಡಂಬ್‌ಬೆಲ್ ಕೊಳ್ಳುವ ಖರ್ಚಿಲ್ಲ.

9ರಿಂದ 12ನೇ ವಾರ: ವಾರದಲ್ಲಿ ನಾಲ್ಕೈದು ದಿನ 30 ನಿಮಿಷ. ಬಾಟಲಿಯನ್ನು ಒಂದು ಲೀಟರ್‌ಗೆ ಏರಿಸುವುದು. ಸಾಧ್ಯವಿದ್ದವರು ಸೈಕಲ್, ಶಟಲ್ ಬ್ಯಾಡ್ಮಿಂಟನ್‌ನಂಥ ಆಟಗಳಿಗೆ ಮರಳಬಹುದು.

ಯಾವ ವಾರ ಕಷ್ಟವೆನಿಸಿತೋ ಆ ವಾರವನ್ನೇ ಮತ್ತೊಮ್ಮೆ ಮಾಡಬೇಕು. ಜ್ವರವೋ ನೆಗಡಿಯೋ ಬಂದು ನಿಂತುಹೋದರೆ ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು. ನಡಿಗೆಯ ನಂತರ ಹುರುಳಿಕಾಳು, ಕಡಲೆ, ಮೊಟ್ಟೆ, ಹಾಲುಗಳಲ್ಲಿ ಕೈಗೆಟಕಿದ್ದನ್ನು ಸೇವಿಸಿದರೆ ಸ್ನಾಯು ಕಟ್ಟಿಕೊಳ್ಳಲು ನೆರವಾಗುತ್ತದೆ.

ಕೂಲಿ ಕೆಲಸವೂ ವ್ಯಾಯಾಮವೇ?

ಈ ಪ್ರಶ್ನೆ ಗುಂಡ್ಲುಪೇಟೆಯ ಚೆಂಡು ಹೂವಿನ ಹೊಲಗಳಲ್ಲಿ, ತೆರಕಣಾಂಬಿಯ ತರಕಾರಿ ಮಂಡಿಯಲ್ಲಿ ದುಡಿಯುವ ಯುವಜನರಿಗೆ ಸಹಜವಾದದ್ದು. ದಿನವಿಡೀ ಬಗ್ಗಿ ಹೂ ಬಿಡಿಸುವುದು, ಮೂಟೆ ಹೊರುವುದು ಶ್ರಮವೇ ಸರಿ. ಆದರೆ ವ್ಯಾಯಾಮಕ್ಕೂ ಅದಕ್ಕೂ ಒಂದು ವ್ಯತ್ಯಾಸವಿದೆ. ವ್ಯಾಯಾಮದಲ್ಲಿ ಎಷ್ಟು ಹೊತ್ತು, ಎಷ್ಟು ಭಾರ, ಯಾವಾಗ ನಿಲ್ಲಿಸಬೇಕು ಎಂಬುದು ಮಾಡುವವರ ಕೈಯಲ್ಲಿರುತ್ತದೆ. ಕೂಲಿಯಲ್ಲಿ ಅದು ಕೆಲಸ ಕೊಟ್ಟವರ ಕೈಯಲ್ಲಿರುತ್ತದೆ. ಚಿಕಿತ್ಸೆಯ ಸಾಲ ತೀರಿಸಲು ಎರಡೇ ವಾರಕ್ಕೆ ಮೂಟೆ ಹೊರಲು ಹೋಗುವವರೂ, ವರ್ಷವಾದರೂ ಮಂಚ ಬಿಟ್ಟೇಳದವರೂ ಒಂದೇ ಊರಿನಲ್ಲಿ ಇರಬಹುದು. ಮೊದಲನೆಯವರಿಗೆ ‘ನಿಧಾನ’ ಎಂದೂ ಎರಡನೆಯವರಿಗೆ ‘ಏಳು’ ಎಂದೂ ಹೇಳಬೇಕಾಗುತ್ತದೆ. ಎಲ್ಲರಿಗೂ ಒಂದೇ ಸಲಹೆ ಸಲ್ಲದು.

ಹೊಲದ ಕೆಲಸಕ್ಕೆ ಮರಳುವವರು ಮೊದಲ ತಿಂಗಳು ಅರ್ಧ ದಿನದ, ನೆರಳಿನ, ಕುಳಿತು ಮಾಡುವ ಕೆಲಸಗಳನ್ನು ಆಯ್ದುಕೊಳ್ಳುವುದು ಲೇಸು. ಕೈಬಾವಿನ ಅಪಾಯ ಇರುವವರು ಮುಳ್ಳು, ಗೀರುಗಳಿಂದ ಆ ಕೈಯನ್ನು ಕಾಪಾಡಿಕೊಳ್ಳಬೇಕು. ಕೀಟನಾಶಕ ಸಿಂಪಡಿಸುವ ಕೆಲಸದಿಂದ ದೂರವಿರಬೇಕು.

ಎಲ್ಲಿ ನಡೆಯುವುದು?

ಚಾಮರಾಜನಗರದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣವಿದೆ. 1826ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ಸುತ್ತಿನ ಬೀದಿಗಳು ಮುಂಜಾನೆಯಲ್ಲಿ ನಡಿಗೆಗೆ ಅನುಕೂಲ. ಮಂಡಿ, ಸೊಂಟ ಗಟ್ಟಿಯಿರುವವರು ಕೆಲವು ತಿಂಗಳ ಅಭ್ಯಾಸದ ನಂತರ ಪಟ್ಟಣದ ಸಮೀಪದ ಕರಿವರದರಾಜನ ಬೆಟ್ಟದತ್ತ ಹೋಗಬಹುದು. ಗುಂಡ್ಲುಪೇಟೆಯವರಿಗೆ ಶಾಲಾ, ಕಾಲೇಜು ಮೈದಾನಗಳೇ ಕ್ಷೇಮ. ಹೆದ್ದಾರಿಯ ಅಂಚಿನಲ್ಲಿ ನಸುಕಿನ ನಡಿಗೆ ವಾಹನಗಳ ಕಾರಣದಿಂದ ತರವಲ್ಲ.

ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಗಳ ಅಂಚಿನ ಹಳ್ಳಿಗಳಲ್ಲಿ ಆನೆ, ಚಿರತೆಗಳ ಓಡಾಟವಿರುವುದರಿಂದ ಕತ್ತಲಿರುವಾಗ ಒಂಟಿಯಾಗಿ ಹೊರಡಬಾರದು. ಬೆಳಕು ಹರಿದ ಮೇಲೆ, ಊರೊಳಗೆ, ಜೊತೆಗಾರರೊಡನೆ ನಡೆಯಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಎಂಟು ಗಂಟೆಯೊಳಗೆ ಮುಗಿಸುವುದು ಒಳಿತು. ವಿಕಿರಣ ಪಡೆದ ಚರ್ಮವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಕಾಲು ಜೋಮು ಇರುವವರು ಬರಿಗಾಲಿನಲ್ಲಿ ನಡೆಯಲೇಬಾರದು. ಮನೆಗೆ ಬಂದೊಡನೆ ಅಂಗಾಲು ನೋಡಿಕೊಳ್ಳಬೇಕು.

ಯೋಗ, ಕಂಸಾಳೆ, ಪಾದಯಾತ್ರೆ

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗದ ಪರಿಣಾಮವನ್ನು ಕುರಿತು ಎರಡು ದಶಕಗಳಿಂದ ಅಧ್ಯಯನ ನಡೆಸಿದೆ. ಕಿಮೋಥೆರಪಿಯ ವೇಳೆಯ ವಾಕರಿಕೆ ತಗ್ಗಿದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಈ ಸಂಸ್ಥೆಯ ಸಹಯೋಗದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಕಿರಣ ಚಿಕಿತ್ಸೆಯ ವೇಳೆ ಯೋಗ ಮಾಡಿದ ಮಹಿಳೆಯರ ದೈಹಿಕ ಚಟುವಟಿಕೆಯ ಸಾಮರ್ಥ್ಯ ಸುಧಾರಿಸಿತು. ಯೋಗದ ಅನುಕೂಲವೆಂದರೆ ಮನೆಯೊಳಗೆ, ಚಾಪೆಯ ಮೇಲೆ ಮಾಡಬಹುದು. ಆದರೆ ಮೂಳೆ ಸವೆದವರು ತೀವ್ರವಾಗಿ ಮುಂದೆ ಬಾಗುವ, ತಲೆಕೆಳಗಾಗುವ ಆಸನಗಳನ್ನು ಬಿಡಬೇಕು. ಯೋಗವೊಂದರಿಂದಲೇ ಹೃದಯಕ್ಕೆ ಬೇಕಾದ ಬಿರುಸು ಸಿಗುವುದಿಲ್ಲವಾದ್ದರಿಂದ ನಡಿಗೆಯೂ ಜೊತೆಗಿರಲಿ. ಈ ಸೀಮೆಗೆ ಯೋಗ ಹೊಸದೇನೂ ಅಲ್ಲ. ಗಾಜನೂರಿನ ಮಣ್ಣಿನ ಡಾ. ರಾಜಕುಮಾರ್ ನಡುವಯಸ್ಸಿನಲ್ಲಿ ಯೋಗ ಕಲಿತು, 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಆಸನಗಳನ್ನು ತೆರೆಗೇ ತಂದವರು.

ಬೀಸು ಕಂಸಾಳೆ ಮಾದಪ್ಪನ ಪರಂಪರೆಯಿಂದ ಬಂದ, ಮೈ ಬೆವರಿಳಿಸುವ ಕುಣಿತ. ಅದನ್ನು ಬಲ್ಲ ಯುವಕರಿಗೆ ಹಳೆಯ ತಂಡಕ್ಕೆ ಮರಳುವುದಕ್ಕಿಂತ ಒಳ್ಳೆಯ ಪ್ರೇರಣೆ ಬೇರೆ ಬೇಕಿಲ್ಲ. ಮೊದಲು ನಿಂತು ತಾಳ, ನಂತರ ಹೆಜ್ಜೆ, ಕೊನೆಗೆ ಬೀಸು ಎಂಬ ಕ್ರಮವಿರಲಿ. ಭುಜದ ಶಸ್ತ್ರಚಿಕಿತ್ಸೆ ಆದವರು ಭೌತಚಿಕಿತ್ಸಕರನ್ನು ಕೇಳಿಯೇ ಕೈ ಬೀಸಬೇಕು.

‘ಗುಣವಾದರೆ ನಡೆದು ಬಂದು ದರ್ಶನ ಮಾಡುತ್ತೇನೆ’ ಎಂದು ಮಲೆ ಮಹದೇಶ್ವರನಿಗೆ ಹರಕೆ ಹೊತ್ತವರೂ ಇರುತ್ತಾರೆ. ಶಿವರಾತ್ರಿ, ದೀಪಾವಳಿಗಳಲ್ಲಿ ಹತ್ತಾರು ಕಿಲೋಮೀಟರ್ ನಡೆದು ಬೆಟ್ಟ ಹತ್ತುವ ಭಕ್ತರ ಸಾಲಿನಲ್ಲಿ ಚಿಕಿತ್ಸೆ ಮುಗಿದ ತಿಂಗಳೇ ಸೇರುವುದು ಅಪಾಯ. ಹರಕೆಯನ್ನು ಕೈಬಿಡಬೇಕಿಲ್ಲ. ಮುಂದಿನ ವರ್ಷದ ಶಿವರಾತ್ರಿಯನ್ನು ಗುರಿಯಾಗಿಟ್ಟುಕೊಂಡು ಇಂದಿನಿಂದ ದಿನಕ್ಕಿಷ್ಟು ಎಂದು ನಡೆದರೆ ಹರಕೆಯೇ ಅಭ್ಯಾಸಕ್ಕೆ ಪಂಚಾಂಗವಾಗುತ್ತದೆ.

ಹುರಿದುಂಬಿಸುವುದು ಹೇಗೆ?

ಉಪದೇಶದಿಂದ ಹರೆಯದವರು ಎದ್ದು ನಡೆಯುವುದಿಲ್ಲ. ಅವರ ವಯಸ್ಸಿನ ಅಗತ್ಯಗಳು ಬೇರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 21ರಿಂದ 39 ವರ್ಷದ 86 ಮಂದಿ ಕ್ಯಾನ್ಸರ್ ಗೆದ್ದವರನ್ನು 12 ವಾರಗಳ ಕಾಲ ಫೇಸ್‌ಬುಕ್ ಗುಂಪುಗಳ ಮೂಲಕ ಪ್ರೋತ್ಸಾಹಿಸಲಾಯಿತು. ಒಂದು ಗುಂಪಿಗೆ ಗುರಿ ಇಟ್ಟುಕೊಳ್ಳುವ, ಹೆಜ್ಜೆ ಲೆಕ್ಕ ಬರೆಯುವ ಪಾಠಗಳಿದ್ದವು. ಇನ್ನೊಂದಕ್ಕೆ ಮಾಹಿತಿ ಮಾತ್ರ. ಎರಡೂ ಗುಂಪಿನವರ ವ್ಯಾಯಾಮ ಹೆಚ್ಚಿತು. ಲಘು ಚಟುವಟಿಕೆಯಲ್ಲಿ ಮಾತ್ರ ಮೊದಲ ಗುಂಪು ಮುಂದಿತ್ತು. ತಮ್ಮಂತೆಯೇ ಇರುವ ಹತ್ತು ಜನರ ಸಂಪರ್ಕಕ್ಕೆ ಬೆಲೆಯಿದೆ ಎಂದು ಇದರಿಂದ ಊಹಿಸಬಹುದು.

ನಮ್ಮಲ್ಲಿ ಇದನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ಮಾಡಬಹುದು. ಆದರೆ ರೋಗದ ವಿಷಯ ಊರಿಗೆ ತಿಳಿದರೆ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ಇಲ್ಲಿನ ಕುಟುಂಬಗಳಲ್ಲಿ ಬಲವಾಗಿದೆ. ಅನುಮತಿಯಿಲ್ಲದೆ ಯಾರ ಹೆಸರು, ಫೋಟೊಗಳನ್ನೂ ಹಂಚಬಾರದು. ಗುಂಪಿಗೆ ‘ಕ್ಯಾನ್ಸರ್’ ಎಂಬ ಹೆಸರೇ ಬೇಡ. ‘ಬೆಳಗಿನ ನಡಿಗೆ’ ಎಂದಿದ್ದರೆ ಸಾಕು.

ಮನೆಯವರು ಮಾಡಬಹುದಾದ ದೊಡ್ಡ ಸಹಾಯವೆಂದರೆ ಜೊತೆಗೆ ನಡೆಯುವುದು. ‘ನೀನು ನಡೆ’ ಎನ್ನುವುದಕ್ಕಿಂತ ‘ಬಾ, ಹಾಲಿನ ಡೇರಿವರೆಗೆ ಹೋಗಿ ಬರೋಣ’ ಎನ್ನುವುದು ಫಲ ಕೊಡುತ್ತದೆ. ಮೊದಲು ಮಾಡುತ್ತಿದ್ದ ಮನೆಗೆಲಸಗಳಲ್ಲಿ ಒಂದೊಂದನ್ನೇ ಹಿಂದಿರುಗಿಸಬೇಕು. ತನ್ನಿಂದ ಮನೆಗೆ ಉಪಯೋಗವಿದೆ ಎಂಬ ಭಾವನೆ ಮೈಯನ್ನೂ ಮನಸ್ಸನ್ನೂ ಎಬ್ಬಿಸುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕುವುದೂ ಒಳ್ಳೆಯ ಉಪಾಯ.

ಪ್ರಸಿದ್ಧರ ಉದಾಹರಣೆಗಳು ಎಚ್ಚರದಿಂದ ಬಳಸಬೇಕಾದವು. ಕ್ರಿಕೆಟಿಗ ಯುವರಾಜ್ ಸಿಂಗ್ ಎದೆಯ ಗಡ್ಡೆಗೆ 2012ರ ಆರಂಭದಲ್ಲಿ ಅಮೆರಿಕದಲ್ಲಿ ಕಿಮೋಥೆರಪಿ ಪಡೆದು, ಅದೇ ವರ್ಷದ ಸೆಪ್ಟೆಂಬರ್ 11ರಂದು ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧ ಕಣಕ್ಕಿಳಿದರು. ಹದಿನೆಂಟರಲ್ಲಿ ಮೂಳೆ ಕ್ಯಾನ್ಸರ್‌ನಿಂದ ಕಾಲು ಕಳೆದುಕೊಂಡ ಕೆನಡಾದ ಟೆರಿ ಫಾಕ್ಸ್, 1980ರಲ್ಲಿ ಕೃತಕ ಕಾಲಿನಿಂದ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ರೋಗ ಮರುಕಳಿಸಿ ಮರುವರ್ಷ, 22ನೇ ವಯಸ್ಸಿನಲ್ಲಿ ತೀರಿಕೊಂಡ. ಇವರ ಕಥೆ ಸ್ಫೂರ್ತಿ ನೀಡುತ್ತದೆ ನಿಜ. ಆದರೆ ಹಳ್ಳಿಯ ಯುವಕನ ಗೆಲುವು ಬಸ್ ನಿಲ್ದಾಣದವರೆಗೆ ನಿಲ್ಲದೆ ನಡೆದದ್ದೇ ಆಗಿರಬಹುದು. ಅದನ್ನು ಸಣ್ಣದೆಂದು ಭಾವಿಸಬಾರದು.

ಹೆಣ್ಣುಮಕ್ಕಳ ತೊಡಕುಗಳು

ಯುವಕ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋದರೆ ಯಾರೂ ಕೇಳುವುದಿಲ್ಲ. ಕೂದಲು ಉದುರಿ ತಲೆಗೆ ಬಟ್ಟೆ ಕಟ್ಟಿಕೊಂಡ ಯುವತಿ ಬೀದಿಗಿಳಿದರೆ ಹತ್ತು ಪ್ರಶ್ನೆ ಏಳುತ್ತವೆ. ಮದುವೆಯಾದವಳಾದರೆ ಗಂಡನ ಮನೆಯ ಮಾತು, ಆಗದವಳಾದರೆ ನೆರೆಯವರ ಮಾತು. ಅವಳಿಗೆ ಮಾಳಿಗೆ, ಹಿತ್ತಿಲು, ಅಂಗಳಗಳಲ್ಲೇ ನಡಿಗೆ ಆರಂಭಿಸಲು ಅನುಕೂಲ ಮಾಡಿಕೊಡಬೇಕು. ಸ್ವಸಹಾಯ ಸಂಘದ ಗೆಳತಿಯರು ಒಟ್ಟಾಗಿ ಹೊರಟರೆ ಪ್ರಶ್ನೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಸ್ತನ ತೆಗೆದವರಿಗೆ ಸರಿಯಾದ ಒಳ ಉಡುಪು, ಕೃತಕ ಸ್ತನದ ಆಸರೆ ಇದ್ದರೆ ಚಲನೆಯ ಸಂಕೋಚ ತಗ್ಗುತ್ತದೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ವ್ಯಾಪಕವಾಗಿರುವುದರಿಂದ ಹಿಮೋಗ್ಲೋಬಿನ್ ಪರೀಕ್ಷೆ ಮೊದಲು ಆಗಲಿ. ದಣಿವಿಗೆ ಅದೇ ಕಾರಣವಾಗಿದ್ದರೆ ನಡಿಗೆಗಿಂತ ಮೊದಲು ಅದರ ಚಿಕಿತ್ಸೆ ಆಗಬೇಕು.

ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿ

- ಎದೆನೋವು, ತಲೆಸುತ್ತು, ಕಣ್ಣು ಕತ್ತಲಿಡುವುದು, ಹಿಂದೆಂದೂ ಇಲ್ಲದ ಉಬ್ಬಸ
- 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ
- ಒಂದೇ ಕಾಲು ಹಠಾತ್ತನೆ ಊದಿ ನೋಯುವುದು
- ಮೂಳೆಯಲ್ಲಿ ಹೊಸ ನೋವು, ರಾತ್ರಿ ಹೆಚ್ಚುವ ನೋವು
- ಮೂಗು, ವಸಡುಗಳಿಂದ ರಕ್ತ, ಕಾರಣವಿಲ್ಲದೆ ಮೈಮೇಲೆ ಕಂದು ಕಲೆ
- ಕೈ ಅಥವಾ ಕಾಲಿನ ಬಾವು ಏಕಾಏಕಿ ಹೆಚ್ಚುವುದು, ಕೆಂಪೇರುವುದು

ಬಿಳಿ ರಕ್ತಕಣ ಕಡಿಮೆ ಇರುವಾಗ, ಗಾಯ ಒಣಗದಿರುವಾಗ ಕೆರೆ, ಕಾಲುವೆಗಳಲ್ಲಿ ಈಜುವುದು ಬೇಡ. ಕ್ಯಾನ್ಸರ್ ಮೂಳೆಗೆ ಹರಡಿರುವವರು, ಹೃದಯ ದುರ್ಬಲವಾಗಿರುವವರು ತಜ್ಞರ ನಿಗಾ ಇಲ್ಲದೆ ವ್ಯಾಯಾಮ ಆರಂಭಿಸಬಾರದು.

ಯಾರನ್ನು ಕೇಳಬೇಕು?

ಮುಂದಿನ ತಪಾಸಣೆಗೆ ಹೋಗುವಾಗ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನನಗೆ ಕೊಟ್ಟ ಔಷಧಗಳಿಂದ ಹೃದಯಕ್ಕೆ, ಮೂಳೆಗೆ ತೊಂದರೆ ಇದೆಯೇ? ಎಕೋ ಪರೀಕ್ಷೆ ಬೇಕೇ? ಯಾವ ವ್ಯಾಯಾಮ ಮಾಡಬಾರದು? ಚಿಕಿತ್ಸೆಯ ಸಾರಾಂಶ ಪತ್ರವನ್ನು ಕೇಳಿ ಪಡೆದು ಜೋಪಾನ ಮಾಡಿ. ಆ ಪತ್ರ ಕೈಯಲ್ಲಿದ್ದರೆ ಊರಿನ ವೈದ್ಯರೂ ಭೌತಚಿಕಿತ್ಸಕರೂ ಧೈರ್ಯವಾಗಿ ಸಲಹೆ ನೀಡಬಲ್ಲರು. ಜಿಲ್ಲಾ ಮಟ್ಟದ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಲ್ಲಿ, ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಬಗ್ಗೆ ವಿಚಾರಿಸಬಹುದು. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಖರ್ಚೂ ಉಳಿಯುತ್ತದೆ. ಮನಸ್ಸು ಕುಗ್ಗಿದವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದವರನ್ನು ದೀರ್ಘಕಾಲ ನೋಡಿಕೊಳ್ಳುವ ಪ್ರತ್ಯೇಕ ಕ್ಲಿನಿಕ್ 1991ರಲ್ಲಿಯೇ ಆರಂಭವಾಯಿತು. ಚಿಕಿತ್ಸೆ ಮುಗಿದಲ್ಲಿಗೆ ಆಸ್ಪತ್ರೆಯ ಹೊಣೆ ಮುಗಿಯದು ಎಂಬ ತಿಳಿವಳಿಕೆ ಅದರ ಹಿಂದಿದೆ. ಅಂಥ ವ್ಯವಸ್ಥೆ ಗಡಿಜಿಲ್ಲೆಗಳಿಗೂ ಬರಬೇಕು. ಅದು ಬರುವವರೆಗೆ ಕಾಯುತ್ತ ಕೂರುವ ಅಗತ್ಯವಿಲ್ಲ. ನಾಳೆ ಬೆಳಿಗ್ಗೆ ಹತ್ತು ನಿಮಿಷ ಜೊತೆಗೆ ನಡೆಯಲು ಮನೆಯಲ್ಲಿ ಒಬ್ಬರು ಸಿದ್ಧರಿದ್ದರೆ ಆರಂಭಕ್ಕೆ ಅಷ್ಟು ಸಾಕು.